ಅಕ್ಕನಿಗೆ ಹೇಳಿದ ಸುಳ್ಳು ಎಪಿಸೋಡು

ಆ ವೆಬ್‌ಕಾಮಿಕ್‌ನ ನಾಯಕಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವಳು ಫೋನಿನಲ್ಲಿ ವಾರವಾರ ಬರುವ ಚಿತ್ರಕಥೆಯ ಬರೀ ಒಂದು ಚಿತ್ರ, ಬರೆದವರು ಯಾವ ದೇಶದವರೋ ಏನೋ, ಅವಳ ಮೇಲೆ ಸಿಟ್ಟು ಮಾಡಿಕೊಂಡು ಆಗಬೇಕಾದ್ದೇನೂ ಇಲ್ಲ. ಆದರೂ ಇದೆ. ಮೊದಮೊದಲ ಎಪಿಸೋಡುಗಳಲ್ಲಿ ಎಂಥ ಹುಡುಗಿ ಅವಳು! ಒಣಗಿದ ಮರ ಮುಟ್ಟಿದರೆ ಚಿಗುರುತ್ತಿತ್ತು. ತುಂಬಿದ ಸಭೆಯಲ್ಲಿ ರಾಜನಿಗೇ ಎದುರುತ್ತರ ಕೊಟ್ಟಿದ್ದಳು. ಆಮೇಲೆ ಹಿಮದ ನಾಡಿನ ಸೇನಾಪತಿ ಬಂದ. ಕರಿ ನಿಲುವಂಗಿ, ಹಣೆಯ ಮೇಲೆ ಬೀಳುವ ಕೂದಲು, ಮೂರು ಎಪಿಸೋಡಿಗೊಂದು ಮಾತು. ಅಲ್ಲಿಂದಾಚೆಗೆ ಇವಳಿಗೆ ಕೆನ್ನೆ ಕೆಂಪಾಗುವುದೊಂದು ಬಿಟ್ಟರೆ ಬೇರೆ ಕೆಲಸವೇ ಇಲ್ಲ. ಮರಗಳು ಪಾಪ ಒಣಗಿಕೊಂಡೇ ನಿಂತವು.

ನಮ್ಮ ಮನೆ ಕವಲಂದೆ. ನಂಜನಗೂಡಿನ ಒಂದು ಸಣ್ಣ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಕಾಮಿಕ್ ಓದುವ ಚಟ ಹತ್ತಿದ್ದು ಬಸ್ಸಿನಲ್ಲಿ, ಅದನ್ನು ಅಕ್ಕನಿಗೂ ಹತ್ತಿಸಿದವಳು ನಾನೇ. ಅಕ್ಕನನ್ನು ತಿ. ನರಸೀಪುರದ ಕಡೆಗೆ ಕೊಟ್ಟಿತ್ತು. ತಗಡೂರಿನಲ್ಲಿ ದೊಡ್ಡಪ್ಪನ ಮಗಳ ಮದುವೆಗೆ ತನ್ನನ್ನು ಕೇಳದೆ ಹೋಗಿಬಂದಳೆಂದು ಭಾವ ಅವಳನ್ನು ಕೋಣೆಗೆ ಹಾಕಿ, ಹೊರಗಿನಿಂದ ಚಿಲಕ ಜಡಿದು ಗದ್ದೆಗೆ ಹೋಗಿಬಿಟ್ಟಿದ್ದ. ಬಾಗಿಲು ತೆಗೆದದ್ದು ಸಂಜೆಗೆ. ಮಾರನೆಯ ದಿನವೇ ಅಕ್ಕ ಬಸ್ಸು ಹತ್ತಿ ಬಂದಳು. "ನಾ ವಾಪಸ್ ಓಗಾಕಿಲ್ಲ" ಎಂದು ಹೊಸಿಲ ಮೇಲೆ ನಿಂತು ಒಂದೇ ಸಲ ಹೇಳಿದಳು. ಆಮೇಲೆ ನಾಲ್ಕು ತಿಂಗಳು ಆ ವಿಷಯ ಅವಳೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಸಂಜೆ ಡೈರಿಗೆ ಹಾಲು ಹಾಕುವ ಮುಂಚೆ ಅಕ್ಕ ಕೊಟ್ಟಿಗೆಯಲ್ಲಿ ಹಸು ಕರೆಯಲು ಕೂರುತ್ತಿದ್ದಳು. ನಾನು ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು, ಇಂಗ್ಲಿಷಿನಲ್ಲಿದ್ದುದನ್ನು ನಮ್ಮ ಮಾತಿಗೆ ತಿರುಗಿಸಿ ಓದುತ್ತಿದ್ದೆ. ಅಕ್ಕ ಓದಿದ್ದು ಹತ್ತನೆಯ ತರಗತಿಯವರೆಗೆ, ಅದೂ ಕನ್ನಡದಲ್ಲಿ. ಡ್ರ್ಯಾಗನ್ ಬಂದ ದಿನ ಅವಳು ಕೇಳಿದ ಮೊದಲ ಪ್ರಶ್ನೆ, "ಅದೇನ್ ಮೇಯ್ತದೆ?" ಎಂದು. ನಾಯಕಿ ಯಾರಿಗಾದರೂ ಎದುರು ಮಾತಾಡಿದರೆ ಸಾಕು, "ಅಂಗ್ ಏಳು ಮತ್ತೆ!" ಎಂದು ಕೂಗುತ್ತಿದ್ದಳು. ಹಸು ಬೆಚ್ಚಿ ಕಾಲೆತ್ತುತ್ತಿತ್ತು. ಆ ನಾಲ್ಕು ತಿಂಗಳಲ್ಲಿ ಅಕ್ಕ ಗಟ್ಟಿಯಾಗಿ ಮಾತಾಡುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ.

ಹಾಗಿರುವಾಗ ಸೇನಾಪತಿ ನಾಯಕಿಯನ್ನು ಗೋಪುರದಲ್ಲಿ ಕೂಡಿಹಾಕಿದ. ಅಕ್ಕ ವಾರವಿಡೀ ದಿನಾ ಒಂದೇ ಕೇಳುತ್ತಿದ್ದಳು, "ಬಂತಾ ಮುಂದಿಂದು?" ನನಗಂತೂ ಅನುಮಾನವೇ ಇರಲಿಲ್ಲ. ಕಿಟಕಿಯಿಂದ ಒಂದು ಬಳ್ಳಿ ಬೆಳೆಸಿ ಇಳಿದುಹೋಗುತ್ತಾಳೆ, ಆ ವಿದ್ಯೆ ಅವಳಿಗೆ ಇದ್ದದ್ದಾದರೂ ಇನ್ಯಾತಕ್ಕೆ?

ಎಪಿಸೋಡು ಬಂತು. ಸೇನಾಪತಿ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡಿದ್ದನಂತೆ. ಪ್ರೀತಿ ಇದೆಯಂತೆ, ತೋರಿಸಲು ಬರುವುದಿಲ್ಲವಂತೆ. ಅವನ ಕಣ್ಣಲ್ಲಿ ಒಂದು ಹನಿ ನೀರು ಕಂಡದ್ದೇ ತಡ, ಇವಳು ಓಡಿಬಂದು ಅಪ್ಪಿಕೊಂಡಳು. ಸುತ್ತ ಹೂ ಉದುರಿದವು. ಬಸ್ಸಿನಲ್ಲೇ ನಾನು ಕೆಂಡವಾದೆ. 'ಇವಳಿಗೆ ಬಾಯಿಲ್ಲವಾ?' ಎಂದು ಕೆಳಗೆ ಇಂಗ್ಲಿಷಿನಲ್ಲಿ ಕಾಮೆಂಟು ಹಾಕಿದೆ. ಮನೆ ಮುಟ್ಟುವಷ್ಟರಲ್ಲಿ ಯಾರ್‍ಯಾರೋ ಅದಕ್ಕೆ ಹಾರ್ಟು ಒತ್ತಿದ್ದರು, ನನಗೆ ಹೆಮ್ಮೆಯೂ ಆಯಿತು.

"ಇಳುದ್ಲಾ?" ಎಂದಳು ಅಕ್ಕ. ಅವಳ ಕೈ ಕೆಚ್ಚಲ ಮೇಲೆ ನಿಂತೇಬಿಟ್ಟಿತ್ತು. ಆ ಮುಖಕ್ಕೆ ನಿಜ ಹೇಳುವುದು ನನ್ನಿಂದ ಆಗಲಿಲ್ಲ. "ಇಳುದ್ಲು ಕಣಕ್ಕ. ಬಳ್ಳಿ ಇಡ್ಕಂಡು ಇಳುದ್ಲು" ಎಂದೆ. ಅಲ್ಲಿಂದ ಕಥೆಯೆಲ್ಲ ನನ್ನದೇ. ಫೋನನ್ನು ಎದೆಗೆ ಆನಿಸಿ ಹಿಡಿದು, ಓದುವವಳ ಹಾಗೆ ನಟಿಸುತ್ತ, ನಾಯಕಿಯನ್ನು ಊರೂರು ನಡೆಸಿದೆ. ಒಂದು ಪೇಟೆಯಲ್ಲಿ ಗಿಡಗಳ ನರ್ಸರಿ ಹಾಕಿಸಿಕೊಟ್ಟೆ. ಸೇನಾಪತಿ ಬಂದು ಬಾಗಿಲಲ್ಲಿ ನಿಂತರೆ, ಗಿಡ ಬೇಕಾದರೆ ಕೊಂಡುಕೊಂಡು ಹೋಗು ಎಂದು ಅವಳಿಂದ ಅನ್ನಿಸಿದೆ. ಅಕ್ಕ ನಕ್ಕಳು.

ಅಂಥದ್ದೇ ಒಂದು ವಾರದ ಕೊನೆಗೆ, ಭಾನುವಾರ, ಭಾವನ ಕಡೆಯವರು ಮಾತುಕತೆಗೆ ಬಂದರು. ಭಾವ, ಅವನ ಚಿಕ್ಕಪ್ಪ, ಊರಿನ ಇಬ್ಬರು ಹಿರಿಯರು. ಭಾವ ಚಾಪೆಯ ಅಂಚನ್ನು ನೋಡುತ್ತ ಕೂತಿದ್ದ. ಚಿಕ್ಕಪ್ಪನೇ ಮಾತು ತೆಗೆದ.

"ಉಡುಗ ಚಿಕ್ಕೋನಿದ್ದಾಗ್ಲೇ ಅಪ್ಪನ್ನ ಕಳ್ಕಂಡ ಕಣ್ರಪ್ಪ. ಪ್ರೀತಿ ಅದೆ, ತೋರ್ಸಕ್ ಬರಾಕಿಲ್ಲ. ಒಡ್ದಿಲ್ಲ, ಬಡ್ದಿಲ್ಲ, ಬಾಗ್ಲಾಕವ್ನೆ ಅಷ್ಟೇಯ."

ಆ ಮನುಷ್ಯ ಜನ್ಮದಲ್ಲಿ ವೆಬ್‌ಕಾಮಿಕ್ ನೋಡಿದವನಲ್ಲ, ಆದರೆ ಅದರಲ್ಲಿದ್ದ ಮಾತನ್ನೇ ಸಾಲುಸಾಲಾಗಿ ಒಪ್ಪಿಸುತ್ತಿದ್ದ. ಹಿರಿಯರು ತಲೆದೂಗಿದರು. ಅಪ್ಪ ಬಾಗಿಲ ಕಡೆ ತಿರುಗಿ, "ಏನಂತೀಯವ್ವ?" ಎಂದು ಅಲ್ಲಿ ಕೂತಿದ್ದ ಅಕ್ಕನನ್ನು ಕೇಳಿದರು. ಅಕ್ಕ ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ನಾನು ಕಾಫಿ ತಟ್ಟೆ ಹಿಡಿದು ನಡುಮನೆಯಲ್ಲಿ ನಿಂತಿದ್ದೆ. ಎಲ್ಲರ ಕಣ್ಣೂ ನನ್ನ ಮೇಲೆ ಬಂತು. ನಾಲಿಗೆ ಹೊರಳಿದ್ದು ಇಷ್ಟಕ್ಕೇ:

"ಕಾಫಿ ಆರೋಯ್ತದೆ, ತಗೊಳಿ."

ಮೊದಲ ಲೋಟ ಆ ಚಿಕ್ಕಪ್ಪನಿಗೇ ಕೊಟ್ಟೆ. ಖಾಲಿ ತಟ್ಟೆ ಇಡಲು ಅಡುಗೆಮನೆಗೆ ಹೋದರೆ, ಅಲ್ಲಿ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಬೆಲ್ಲ, ವೀಳ್ಯದೆಲೆ ಜೋಡಿಸಿಟ್ಟಿತ್ತು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ತುಂಬುವ ಮಡಿಲಕ್ಕಿ. ಮೇಲೆ ಗಿಳಿಹಸಿರಿನ ರವಿಕೆ ಕಣ. ಹಿಂದಿನ ದಿನ ನಂಜನಗೂಡಿನ ಪೇಟೆಯಿಂದ ಅವ್ವ ನನ್ನಿಂದಲೇ ತರಿಸಿದ್ದು. ಯಾರಿಗೆ ಎಂದು ನಾನು ಕೇಳಿರಲಿಲ್ಲ. ಹೊರಗೆ ಹಿರಿಯರು ಇನ್ನೂ ನ್ಯಾಯ ಮಾತಾಡುತ್ತಲೇ ಇದ್ದರು.

ಅಷ್ಟರಲ್ಲಿ ಅಕ್ಕ ಎದ್ದುಹೋಗಿ ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ನಾನು ಹಿಂದೆಯೇ ಹೋಗಿ, "ಅಕ್ಕ, ಆ ಉಡುಗಿ ಇಳಿದೋದಂಗೆ ನೀನೂ..." ಎಂದು ಶುರು ಮಾಡಿದೆ.

"ಅವ್ಳೆಲ್ಲಿ ಇಳುದ್ಲು?" ಎಂದಳು ಅಕ್ಕ, ಹುಲ್ಲು ಕೊಡವುತ್ತ. "ಅವತ್ತೇ ನೀ ಸ್ನಾನಕ್ಕೋದಾಗ ಫೋನ್ ತಗ್ದು ನೋಡ್ದೆ. ಇಂಗ್ಲಿಷ್ ಬರಾಕಿಲ್ಲ ನಂಗೆ. ಚಿತ್ರಾನೂ ಕಾಣಾಕಿಲ್ವಾ?"

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಮತ್ಯಾಕೆ ದಿನಾ ಕೇಳ್ತಾ ಕುಂತಿದ್ದೆ?"

"ಅವ್ಳ್ನ ಬರ್ದೋರು ಇಳಿಸ್ನಿಲ್ಲ. ನೀನಾದ್ರೂ ಇಳಿಸ್ತಿದ್ದಲ್ಲ" ಎಂದಳು. ಹಸುವಿನ ಮುಂದೆ ಹುಲ್ಲು ಸರಿಸಿ, "ಇವತ್ತೂ ಏನಾರ ಏಳ್ತೀಯ ಅನ್ಕಂಡೆ" ಎಂದಳು. ಅದರಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಒಳಗಿನಿಂದ ಅವ್ವ ಕರೆದಳು. ಅಕ್ಕ ಕೈ ತೊಳೆದುಕೊಂಡು ಹೋಗಿ, ಮಣೆಯ ಮೇಲೆ ಕೂತು ಮಡಿಲಕ್ಕಿಗೆ ಸೆರಗೊಡ್ಡಿದಳು. ಆಗ ತಡೆಯುವ ಹೊತ್ತು ಮೀರಿತ್ತು ಎಂದು ನಾನು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಮೀರಿರಲಿಲ್ಲ. ಊಟ ಮುಗಿಸಿ ಅವರು ಹೊರಡುವುದಕ್ಕೆ ಇನ್ನೂ ಒಂದು ಗಂಟೆ ಇತ್ತು, ಆ ಊಟ ಬಡಿಸಿದವಳೂ ನಾನೇ.