ಹುಣ್ಣಿಮೆಯ ಹೊಲದಲ್ಲಿ ಹೇಳಿದ ಸುಳ್ಳು

ಆ ವರ್ಷ ಗಣಪತಿ ಹಬ್ಬ ಕಳೆದ ಮೇಲೆ ಒಂದು ಭಾನುವಾರವೂ ನಾವು ಮನೆಯಲ್ಲಿ ಕೂರಲಿಲ್ಲ. ಕೂರಲು ನನ್ನ ಗಂಡ ಬಿಡಲಿಲ್ಲ ಎಂದರೇ ಸರಿ. ನಾನು ತಿಂಡಿಯ ತಟ್ಟೆ ತೊಳೆದಿಡುವಷ್ಟರಲ್ಲಿ ಬೈಕ್ ಒರೆಸಿ, ನೀರಿನ ಬಾಟಲಿ ಚೀಲಕ್ಕೆ ತುರುಕಿ, ಬಾಗಿಲಲ್ಲಿ ನಿಂತಿರುತ್ತಿದ್ದರು. ವಾರವೆಲ್ಲ ಕಡೂರಿನ ತಮ್ಮ ಅಂಗಡಿಯಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಮನುಷ್ಯನಿಗೆ ಭಾನುವಾರವಾದರೂ ಕಾಲು ಚಾಚಿ ಮಲಗೋಣ ಅನ್ನಿಸುವುದಿಲ್ಲವೇ ಎಂದು ನನಗೆ ರೇಗುತ್ತಿತ್ತು.

ಕಾರಣ ನನಗೆ ಗೊತ್ತಿತ್ತು. ಆಷಾಢದ ಹುಣ್ಣಿಮೆಗೆ ನನಗೆ ನಾಲ್ಕು ತಿಂಗಳು ತುಂಬಿತ್ತು. ಅದೇ ವಾರ ಮಗು ಹೋಯಿತು. ಮದುವೆಯಾಗಿ ಆರು ವರ್ಷಕ್ಕೆ ನಿಂತಿದ್ದ ಮಗು. ಆಸ್ಪತ್ರೆಯಿಂದ ಮನೆಗೆ ಬಂದ ದಿನದಿಂದ ನನ್ನ ಗಂಡ ಅದರ ಮಾತೆತ್ತಲಿಲ್ಲ. ನಾನು ಅತ್ತರೆ ಎದ್ದು ಹೋಗಿ, ತೊಟ್ಟಿ ತುಂಬಿದ್ದರೂ ನೀರಿನ ಮೋಟಾರ್ ಹಾಕುತ್ತಿದ್ದರು. ಡಾಕ್ಟರಮ್ಮ ಬರೆದ ಮಾತ್ರೆಗಳನ್ನು ತರುವುದು ಎರಡು ಸಲ ಮರೆತರು. ಆಕೆ ‘ಸ್ವಲ್ಪ ಹೊರಗೆ ಸುತ್ತಾಡಿಸಿ’ ಎಂದು ಬಾಯಿಮಾತಿಗೆ ಹೇಳಿದ್ದನ್ನು ಮಾತ್ರ ವ್ರತದ ಹಾಗೆ ಹಿಡಿದರು.

ಮೊದಲು ಯಗಟಿಯ ಕಡೆ ಹೋದೆವು. ದಾರಿಯಲ್ಲಿ ಕುರಿಮಂದೆ ಅಡ್ಡ ಬಂದು ಸುಮಾರು ಹೊತ್ತು ನಿಲ್ಲಬೇಕಾಯಿತು. ಆ ಕುರಿಗಳನ್ನು ನೋಡಿಯೇ ಅವರಿಗೆ ಕಂಬಳಿಯ ಯೋಚನೆ ಬಂದದ್ದು. ಊರೊಳಗೆ ಹತ್ತು ಮನೆ ವಿಚಾರಿಸಿ, ಕೊನೆಗೆ ಮೈಗೆಲ್ಲ ಚುಚ್ಚುವ ಒಂದು ಕರಿ ಕಂಬಳಿ ಸಂಪಾದಿಸಿ, ಅದನ್ನು ನನ್ನ ತೊಡೆಯ ಮೇಲಿಟ್ಟು ಗೆದ್ದವರಂತೆ ನಕ್ಕರು. ಇನ್ನೊಂದು ವಾರ ಅಜ್ಜಂಪುರದಿಂದ ಅರ್ಧ ಚೀಲ ಈರುಳ್ಳಿ ಬಂತು. ಇಬ್ಬರ ಸಂಸಾರಕ್ಕೆ ಅಷ್ಟು ಈರುಳ್ಳಿ ಯಾಕೆ ಎಂದರೆ, ಇಂಥದ್ದು ಕಡೂರಿನಲ್ಲಿ ಎಲ್ಲಿ ಸಿಗುತ್ತೆ ಎಂದು ನನ್ನನ್ನೇ ಕೇಳಿದರು. ತರೀಕೆರೆಯ ಯಾವುದೋ ಗಲ್ಲಿಯಲ್ಲಿ ಒಬ್ಬಾಕೆ ಮನೆಯಲ್ಲೇ ಕುಟ್ಟಿ ಮಾರುತ್ತಿದ್ದ ಹುಚ್ಚೆಳ್ಳಿನ ಚಟ್ನಿಪುಡಿಯನ್ನು ಪತ್ತೆ ಹಚ್ಚಿದ್ದೂ ಅವರೇ. ಅದು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಬಿಸಿ ಅನ್ನಕ್ಕೆ ಕಲಸಿ ತಿನ್ನುವಾಗ ನಾನು ಎರಡನೇ ಸಲ ಹಾಕಿಸಿಕೊಂಡೆ. ತಿಂದ ಮೇಲೆ, ನನಗೆ ಇಷ್ಟು ಬೇಗ ಊಟ ರುಚಿಸುತ್ತಿದೆಯಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು.

ಮಳೆ ಬಿಟ್ಟು ಬಿಸಿಲು ಹದವಾಗಿದ್ದ ದಿನಗಳು ಅವು. ರಾಗಿ ತೆನೆ ಕಟ್ಟುತ್ತಿತ್ತು, ಹೊಲದ ಅಂಚಿಗೆ ಹುಚ್ಚೆಳ್ಳು ಹಳದಿಯಾಗಿ ಅರಳಿತ್ತು. ಬೈಕಿನ ಹಿಂದೆ ಕೂತು ನೋಡಲು ಎಷ್ಟು ಚಂದವೋ ಅಷ್ಟೇ ಸಂಕಟ. ಅಮೃತಾಪುರದ ದೇವಸ್ಥಾನಕ್ಕೆ ಹೋದಾಗ ಅವರು ಪ್ರತಿಯೊಂದು ಕಂಬಕ್ಕೂ ಕೈಯಿಟ್ಟು, ಕಲ್ಲನ್ನು ಇಷ್ಟು ನುಣುಪು ಮಾಡಿದ್ದಾರಲ್ಲ ಎಂದು ಬೆರಗಾದರು. ಗೋಡೆಯ ಮೇಲೆ ಕೃಷ್ಣನ ಬಾಲಲೀಲೆಯ ಸಾಲು ಶುರುವಾದ ಕೂಡಲೇ ಮಾತು ನಿಂತಿತು. ಬಸ್ ತಪ್ಪಿಹೋಗುತ್ತದೆ ಎನ್ನುವವರಂತೆ ನನ್ನನ್ನು ಮುಂದಕ್ಕೆ ಹೊರಡಿಸಿದರು. ಬೈಕಿನಲ್ಲಿ ಬಂದವರಿಗೆ ಯಾವ ಬಸ್ಸು? ಕಲ್ಲಿನ ಮಗುವನ್ನೂ ನೋಡಗೊಡುವುದಿಲ್ಲ ಈ ಮನುಷ್ಯ ಎಂದುಕೊಂಡೆ. ಇವರಿಗೆ ಮಗು ಮರೆತಾಗಿದೆ, ಈಗ ನನಗೂ ಮರೆಸಬೇಕಾಗಿದೆ, ಈ ತಿರುಗಾಟವೆಲ್ಲ ಅದಕ್ಕೇ ಎಂದು ಅವತ್ತು ನನ್ನ ಮನಸ್ಸಿನಲ್ಲಿ ಗಟ್ಟಿಯಾಯಿತು. ಅದನ್ನು ನಾನು ಅವರಿಗೆ ಹೇಳಲೂ ಇಲ್ಲ, ಕ್ಷಮಿಸಲೂ ಇಲ್ಲ.

ಭೂಮಿ ಹುಣ್ಣಿಮೆ ಆ ಸಲ ಭಾನುವಾರವೇ ಬಿದ್ದಿತ್ತು. ನಮ್ಮ ಕಡೆ ಆ ಹೊತ್ತಿಗೆ ಭೂಮಿಯನ್ನು ತುಂಬಿದ ಬಸುರಿ ಎಂದು ಎಣಿಸುತ್ತಾರೆ. ಅವಳ ಬಯಕೆ ತೀರಿಸಬೇಕೆಂದು ಅಡುಗೆ ಮಾಡಿಕೊಂಡು ಹೊಲಕ್ಕೆ ಹೋಗಿ, ಪೈರಿಗೆ ಪೂಜೆ ಮಾಡಿ, ಎಡೆಯನ್ನು ಹೊಲದ ತುಂಬ ಎರಚಿ, ಉಳಿದದ್ದನ್ನು ಅಲ್ಲೇ ಕೂತು ಉಣ್ಣುತ್ತಾರೆ. ಇಂಥ ದಿನ ನಾನು ಹೊರಗೆ ಬರುವುದಿಲ್ಲ ಎಂದೆ. ಶಿವನಿ ಕಡೆ ಒಳ್ಳೆಯ ಜೇನುತುಪ್ಪ ಸಿಗುತ್ತದಂತೆ ಎಂದರು. ಜಗಳಕ್ಕೂ ಶಕ್ತಿ ಬೇಕಲ್ಲ, ಹೊರಟೆ.

ಶಿವನಿ ಇನ್ನೂ ಸ್ವಲ್ಪ ದೂರವಿರುವಾಗ ತಲೆ ಸುತ್ತಿತು. ಬೆಳಿಗ್ಗೆ ಏನೂ ತಿಂದಿರಲಿಲ್ಲ. ಬೈಕ್ ನಿಲ್ಲಿಸಲು ಹೇಳಿ ಇಳಿದು, ರಸ್ತೆಬದಿಯ ಹೊಂಗೆ ಮರದ ಬುಡದಲ್ಲಿ ವಾಂತಿ ಮಾಡಿಕೊಂಡೆ. ಪಕ್ಕದ ರಾಗಿ ಹೊಲದಲ್ಲಿ ಒಂದು ಮನೆಯವರು ಊಟ ಮುಗಿಸಿ ಪಾತ್ರೆ ಜೋಡಿಸುತ್ತಿದ್ದರು. ಅವರಲ್ಲಿ ನನ್ನ ತಾಯಿಯ ವಯಸ್ಸಿನ ಒಬ್ಬಾಕೆ ಚೊಂಬಿನಲ್ಲಿ ನೀರು ಹಿಡಿದು ಓಡಿ ಬಂದರು. ನನ್ನ ಮುಖ ನೋಡಿದರು, ಸೊಂಟಕ್ಕೆ ಕೈಕೊಟ್ಟು ನಿಂತಿದ್ದ ನನ್ನ ಭಂಗಿ ನೋಡಿದರು, ಅವರಿಗೆ ಅರ್ಥವಾಗಬೇಕಾದ್ದು ಅರ್ಥವಾಗಿಬಿಟ್ಟಿತು.

“ಎಷ್ಟು ತಿಂಗಳವ್ವಾ?” ಎಂದು ಕೇಳಿದರು.

ಇಲ್ಲ ಎನ್ನಲು ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ “ಏಳು” ಎಂದರು.

ಆಕೆ ನನ್ನ ಹೊಟ್ಟೆಯ ಕಡೆ ಕಣ್ಣಾಡಿಸಿ, ಚೊಚ್ಚಲಲ್ಲವೇ, ಕೆಲವರಿಗೆ ಕಾಣುವುದಿಲ್ಲ ಎಂದು ತಾವೇ ಸಮಾಧಾನ ಹೇಳಿಕೊಂಡು, ನನ್ನ ಕೈ ಹಿಡಿದು ಹೊಲದೊಳಗೆ ಕರೆದುಕೊಂಡು ಹೋದರು. ಹೊಲದಲ್ಲಿ ಎಡೆಯಿಟ್ಟ ದಿನ ಬಸುರಿಯೇ ಬಾಗಿಲಿಗೆ ಬಂದಂತಾಯಿತು ಎಂದು ಮನೆಯವರಿಗೆಲ್ಲ ಸಾರಿದರು. ಮುಚ್ಚಿಟ್ಟಿದ್ದ ಪಾತ್ರೆ ಮತ್ತೆ ಬಿಚ್ಚಿ ಸಿಹಿ ಕಡುಬು, ಬುತ್ತಿ ಅನ್ನ, ಬೆರಕೆ ಸೊಪ್ಪಿನ ಪಲ್ಯ ಬಡಿಸಿದರು. ನಾನು ತಿಂದೆ. ಹಸಿವಿಗೆ ತಿಂದೆನೋ, ಆಕೆಯ ಮುಖ ನೋಡಿ ತಿಂದೆನೋ ಇವತ್ತಿಗೂ ಗೊತ್ತಿಲ್ಲ. ಬೋಳಾಗಿದ್ದ ನನ್ನ ಕೈ ಕಂಡು, ಏಳಕ್ಕೂ ಬಳೆ ತೊಡಿಸಿಲ್ಲವೇ ಎಂದು ನನ್ನ ಗಂಡನನ್ನು ಗದರಿಸಿ, ತಮ್ಮ ಕೈಯ ಹಸಿರು ಬಳೆಗಳಲ್ಲಿ ಎರಡನ್ನು ತೆಗೆದು ನನಗೆ ತೊಡಿಸಿದರು. ಹೆರಿಗೆಯಾಗುವವರೆಗೆ ತೆಗೆಯಬೇಡ, ಮಗುವನ್ನು ಎತ್ತಿಕೊಂಡು ಬಾ, ಮೊದಲ ಅಂಬಲಿಗೆ ಇದೇ ಹೊಲದ ರಾಗಿ ಕೊಡುತ್ತೇನೆ ಎಂದರು. ನನ್ನ ಗಂಡ ಬದುವಿನ ಮೇಲೆ ನಿಂತು ರಾಗಿ ತೆನೆ ನೋಡುತ್ತಿದ್ದರು.

ಜೇನುತುಪ್ಪ ತರಲಿಲ್ಲ. ಹಿಂತಿರುಗುವ ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು; ಅಲ್ಲಿ, ಪಕ್ಕದಲ್ಲಿ ನಿಂತಿದ್ದ ಟ್ರ್ಯಾಕ್ಟರಿನವರು ಕೇಳುವಂತೆಯೇ, ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಹೆಣ್ಣು ಜೀವ ನಂಬಿ ಕೈಯ ಬಳೆ ಬಿಚ್ಚಿ ಕೊಟ್ಟಿತಲ್ಲ, ಭೂಮಿಗೆ ಇಟ್ಟ ಎಡೆಯಲ್ಲಿ ನನಗೆ ಸುಳ್ಳಿನ ಊಟ ಹಾಕಿಸಿದಿರಲ್ಲ, ನಿಮಗೆ ಇದೂ ಒಂದು ತಮಾಷೆಯಾಯಿತೇ ಎಂದೆ.  ರೈಲು ಹೋಯಿತು, ಗೇಟು ಎತ್ತಿದರು, ನಾವು ಕಡೂರಿಗೆ ಬಂದೆವು.

ಆ ವಾರ ಬಳೆಗಳ ಜೊತೆ ಕಳೆದದ್ದು ನನಗೇ ಗೊತ್ತು. ನಾನು ಪಾಠ ಮಾಡುವ ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆಯಲು ಕೈಯೆತ್ತಿದರೆ ಸದ್ದು. ಸಹೋದ್ಯೋಗಿಗಳು ನೋಡುತ್ತಾರೆ, ಕೇಳುವುದಿಲ್ಲ. ತೆಗೆದಿಡೋಣವೆಂದು ಸೋಪು ಹಚ್ಚಿ ಕೂತರೆ, ಹೆರಿಗೆಯಾಗುವವರೆಗೆ ಎಂದ ಆಕೆಯ ಮಾತು ನೆನಪಾಗಿ ಕೈ ಮುಂದೆ ಹೋಗುತ್ತಿರಲಿಲ್ಲ. ಆ ಹೊಲಕ್ಕೆ ಏನಾದರೂ ಆದರೆ, ಹಕ್ಕಿ ಬಿದ್ದರೆ, ಅಕಾಲದ ಮಳೆ ಹೊಡೆದರೆ, ಅದು ನನ್ನಿಂದಲೇ ಎಂಬ ಭಯ ಹೊಕ್ಕಿತು. ಓದಿದವಳು, ಹೀಗೆಲ್ಲ ಯೋಚಿಸಬಾರದು ಎಂದು ನನಗೆ ನಾನೇ ಬೈದುಕೊಂಡೆ. ಭಯ ಹೋಗಲಿಲ್ಲ.

ಮುಂದಿನ ಭಾನುವಾರ ಮೊದಲು ಸಿದ್ಧಳಾಗಿ ಬಾಗಿಲಲ್ಲಿ ನಿಂತವಳು ನಾನು. ಆ ಹೊಲಕ್ಕೆ ಹೋಗಬೇಕು, ಬಳೆ ಹಿಂದೆ ಕೊಟ್ಟು ನಿಜ ಹೇಳಬೇಕು ಎಂದೆ. ಅವರು ಅಂಗಡಿಯಲ್ಲಿ ಕೆಲಸವಿದೆ ಎಂದರು. ಅಷ್ಟು ವಾರಗಳಲ್ಲಿ ಮೊದಲ ಸಲ. ಹಾಗಾದರೆ ನಾನು ಬಸ್ಸಿನಲ್ಲಿ ಹೋಗುತ್ತೇನೆ ಎಂದಾಗ ಬೈಕಿನ ಕೀ ತೆಗೆದುಕೊಂಡರು.

ಆಕೆ ಹೊಲದ ಅಂಚಿನಲ್ಲಿ ಹಸುವಿಗೆ ಹುಲ್ಲು ಕೊಯ್ಯುತ್ತಿದ್ದರು. ನಮ್ಮನ್ನು ಕಂಡು ಕುಡುಗೋಲು ಕೆಳಗಿಟ್ಟು ನಗುತ್ತ ಎದ್ದರು. ಆ ನಗುವಿನ ಮುಂದೆ ಹೇಳುವುದು ಬಹಳ ಕಷ್ಟವಾಯಿತು. ಆದರೂ ಹೇಳಿದೆ. ಆಷಾಢದಲ್ಲೇ ಹೋಯಿತು, ಈಗ ಏನೂ ಇಲ್ಲ, ನಿಮ್ಮ ಎಡೆ ಉಂಡದ್ದು ತಪ್ಪಾಯಿತು ಎಂದೆ.

ಆಕೆಯ ಮುಖ ಇಳಿಯಿತು. ನನ್ನನ್ನು ಸಂತೈಸಲಿಲ್ಲ. ನಾನು ತೆಗೆಯಲು ಒದ್ದಾಡುತ್ತಿದ್ದ ಬಳೆಗಳನ್ನು ತಾವೇ ಒಂದೊಂದಾಗಿ ಬಿಡಿಸಿಕೊಂಡು ಸೆರಗಿನ ಗಂಟಿಗೆ ಕಟ್ಟಿಕೊಂಡರು. ಆಮೇಲೆ ನನ್ನ ಗಂಡನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿತ್ತು.

“ಭೂಮ್ತಾಯಿ ಮುಂದೆ ಸುಳ್ಳು ಹೇಳ್ದಲ್ಲಪ್ಪಾ. ಹೇಳೋದೇ ಹೇಳ್ದೆ, ಇವಳನ್ನ ನೋಡಿದ್ರೆ ಮೂರೋ ನಾಕೋ ಅಂದಿದ್ರೂ ನಂಬ್ತಿದ್ದೆ. ಏಳು ಅಂತ ಯಾಕಂದೆ?”

ಅವರು ನೆಲ ನೋಡುತ್ತಲೇ ಹೇಳಿದರು. 

“ಸುಳ್ಳು ಹೇಳ್ಬೇಕು ಅಂತ ಹೇಳ್ಲಿಲ್ಲ ಕಣಮ್ಮ. ಇದ್ದಿದ್ರೆ ಆವತ್ತಿಗೆ ಏಳು ತುಂಬ್ತಿತ್ತು. ನೀವು ಕೇಳಿದ್ರಿ, ಬಾಯಿಗೆ ಅದೇ ಬಂತು.”

ಆಕೆ ಕೊಯ್ದ ಹುಲ್ಲನ್ನು ಪಕ್ಕಕ್ಕೆ ಸರಿಸಿ ಬದುವಿನ ಮೇಲೆ ಜಾಗ ಮಾಡಿ, ಕೂತ್ಕಳಪ್ಪ ಎಂದು ಅವರನ್ನು ಕೂರಿಸಿದರು. ಅವರು ಕೂತು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ನಾನು ಅವರು ಅತ್ತದ್ದನ್ನು ನೋಡಿದ್ದು ಅವತ್ತೇ.

ನಾನು ಪಕ್ಕದಲ್ಲಿ ನಿಂತೇ ಇದ್ದೆ. ಹೋಗಿ ಭುಜ ಹಿಡಿಯಬೇಕಿತ್ತು, ಹಿಡಿಯಲಿಲ್ಲ. ನನಗೆ ನಾಚಿಕೆಯಾಗಿತ್ತು. ಆಸ್ಪತ್ರೆಯ ಮಂಚದಿಂದ ಇಳಿದ ದಿನವೇ ನಾನು ತಿಂಗಳು ಎಣಿಸುವುದನ್ನು ಬಿಟ್ಟಿದ್ದೆ. ನನ್ನ ಮಗುವಿಗೆ ನಾಲ್ಕು ತಿಂಗಳು, ಯಾವತ್ತಿಗೂ ನಾಲ್ಕು. ಮರೆತಿದ್ದಾರೆ ಎಂದು ನಾನು ಒಳಗೊಳಗೇ ದೂರುತ್ತಿದ್ದ ಮನುಷ್ಯ ಅದನ್ನು ಐದಕ್ಕೆ, ಆರಕ್ಕೆ, ಏಳಕ್ಕೆ ಒಬ್ಬರೇ ಬೆಳೆಸಿಕೊಂಡು ಬಂದಿದ್ದರು.

ವಾಪಸ್ ಬರುವಾಗ ಅಜ್ಜಂಪುರ ದಾಟಿದ ಮೇಲೆ ನಾನು ಅವರ ಬೆನ್ನಿಗೆ ಹತ್ತಿರ ಸರಿದು, ಗಾಳಿಯಲ್ಲಿ ಕೇಳಿಸುವಂತೆ ಕಿವಿಯ ಬಳಿ ಬಾಗಿ, “ಇವತ್ತಿಗೆ ಎಷ್ಟು ರೀ?” ಎಂದೆ.

ಅವರು ಬೈಕ್ ನಿಧಾನ ಮಾಡಲೂ ಇಲ್ಲ, ಯೋಚಿಸಲೂ ಇಲ್ಲ. “ಏಳು ತುಂಬಿ ಒಂದು ವಾರ ಕಣೇ” ಎಂದರು.