ಚಾಚಾನಿಗೆ ನಾನು ಆರಿಸಿಕೊಟ್ಟ ಆಟ

ಎದುರಿಗೆ ಬಂದಾಗ ಚಾಚಾನನ್ನು ನಾನು ‘ಬರ್ರಿ, ಕೂಡ್ರಿ’ ಎಂದೇ ಮಾತಾಡಿಸಿದ್ದೇನೆ. ಅಮ್ಮಿ ಕಲಿಸಿದ್ದು ಹಾಗೆ. ಬರೆಯಲು ಕೂತರೆ ಮಾತ್ರ ಕೈಗೆ ಬಹುವಚನ ಬರುವುದಿಲ್ಲ. ಚಾಚಾ ಬಂದ, ಚಾಚಾ ಕೂತ, ಚಾಚಾ ಬೈದ ಎಂದೇ ಬರುತ್ತದೆ. ಹಾಗೇ ಇರಲಿ.

ದಾವಣಗೆರೆಯ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ನಮ್ಮದು ಒಂದೇ ದೊಡ್ಡ ಮನೆಯಾಗಿತ್ತು. ಅಬ್ಬಾ ಮತ್ತು ಅವನ ತಮ್ಮ, ಅಂದರೆ ನನ್ನ ಚಾಚಾ, ಸೇರಿ ಗೋಣಿಚೀಲದ ವ್ಯಾಪಾರ ಮಾಡುತ್ತಿದ್ದರು. ಚಾಚಾನಿಗೆ ಒಬ್ಬಳೇ ಮಗಳು, ನನ್ನ ವಾರಿಗೆಯವಳು. ಅವಳನ್ನು ನನ್ನ ಅಣ್ಣನಿಗೆ ಕೊಡುವುದೆಂದು ನಾವು ಲಂಗ ಹಾಕುತ್ತಿದ್ದ ಕಾಲದಿಂದಲೂ ಮಾತಾಗಿತ್ತು. ಎಂಬತ್ತರ ದಶಕ ಶುರುವಾದ ಹೊಸತರಲ್ಲಿ ಅಣ್ಣನಿಗೆ ದುಬೈಯಲ್ಲಿ ಕೆಲಸ ಸಿಕ್ಕಿತು. ಹೊರಡುವ ಮುಂಚೆ ಅವನು ಎಲ್ಲರ ಎದುರಿಗೆ, ‘ನನಗೆ ಈ ಮದುವೆ ಬ್ಯಾಡ. ಅವಳು ನನಗೆ ತಂಗಿ ಇದ್ದಂಗೆ’ ಎಂದುಬಿಟ್ಟ. ಅವನ ವಿಮಾನ ದುಬೈ ಮುಟ್ಟುವ ಹೊತ್ತಿಗೆ ನಮ್ಮ ಅಂಗಳದ ನಡುವೆ ಇಟ್ಟಿಗೆ ಬಂದು ಬಿದ್ದಿದ್ದವು. ಗೋಡೆ ಎದ್ದಿತು. ನೀರಿನ ನಲ್ಲಿ ಅವರ ಕಡೆ ಉಳಿಯಿತು, ಕರೆಂಟಿನ ಮೀಟರು ನಮ್ಮ ಕಡೆ. ಅಂಗಡಿಯೂ ಎರಡಾಯಿತು. ಚಾಚಾ ಬೇಕೆಂದೇ ಅಬ್ಬಾನ ಅಂಗಡಿಯ ಎದುರಿಗೇ ತನ್ನದನ್ನು ತೆರೆದ.

ನಮ್ಮ ಮನೆಮಾತು ಉರ್ದು. ಜಗಳವನ್ನು ಮಾತ್ರ ಕನ್ನಡದಲ್ಲೇ ಮಾಡುತ್ತಿದ್ದೆವು, ಓಣಿಯವರಿಗೂ ತಿಳಿಯಲಿ ಎಂದು. ಗೋಡೆ ಎದ್ದಮೇಲೆ ಆ ಎರಡು ಮನೆಗಳ ನಡುವೆ ಉರ್ದು ನಿಂತೇಹೋಯಿತು.

ಮೂರು ವರ್ಷದ ನಂತರ ಅಣ್ಣ ರಜೆಯ ಮೇಲೆ ಬಂದಾಗ ಒಂದು ಕಂಪ್ಯೂಟರ್ ತಂದ. ಈಗಿನ ಹಾಗೆ ದೊಡ್ಡದಲ್ಲ. ಪುಸ್ತಕದಗಲದ ಕರಿಯ ಪೆಟ್ಟಿಗೆ, ಮೇಲೆ ರಬ್ಬರಿನ ಗುಂಡಿಗಳು. ಅದನ್ನು ಟೀವಿಗೂ ಟೇಪ್‌ ರೆಕಾರ್ಡರಿಗೂ ಜೋಡಿಸಿ ಕ್ಯಾಸೆಟ್ ಹಾಕಿದರೆ, ಒಂದಷ್ಟು ಹೊತ್ತು ಕರ್ಕಶವಾಗಿ ಕಿರುಚಿ, ಆಮೇಲೆ ಟೀವಿಯ ಮೇಲೆ ಆಟ ಮೂಡುತ್ತಿತ್ತು. ಅಣ್ಣ ಹೋಗುವಾಗ ಅದನ್ನು ನನಗೇ ಬಿಟ್ಟುಹೋದ. ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಇಂಗ್ಲಿಷ್ ಓದಬಲ್ಲವಳು ನಾನೊಬ್ಬಳೇ. ಅದರ ಜೊತೆ ಅಣ್ಣ ತಂದಿದ್ದ ಡಬ್ಬಿ ತುಂಬ ಕ್ಯಾಸೆಟ್ಟುಗಳಲ್ಲಿ ಯಾವುದರಲ್ಲಿ ಏನಿದೆ ಎಂಬುದು ಕೆಲವೇ ವಾರಗಳಲ್ಲಿ ನನಗೆ ಬಾಯಿಪಾಠವಾಯಿತು.

ಆ ಕಿರುಚಾಟವೇ ಚಾಚಾನನ್ನು ನಮ್ಮ ಮನೆಗೆ ತಂದಿದ್ದು. ಒಂದು ಮಧ್ಯಾಹ್ನ ಅಬ್ಬಾ ಅಂಗಡಿಯಲ್ಲಿದ್ದಾಗ ಗೋಡೆಗೆ ಧಡಧಡ ಗುದ್ದಿದ ಸದ್ದಾಯಿತು. ನಾನು ಟೇಪಿನ ದನಿ ಇನ್ನಷ್ಟು ಏರಿಸಿದೆ. ಸ್ವಲ್ಪ ಹೊತ್ತಿಗೆ ಚಾಚಾ ನಮ್ಮ ಬಾಗಿಲಲ್ಲೇ ನಿಂತಿದ್ದ.

“ಏನದು? ಮನ್ಯಾಗ ಬೆಕ್ಕಿನ ಕುತ್ತಿಗೆ ಹಿಚುಕ್ತೀರೇನು? ಊಟ ಮಾಡಿ ಒಂದು ಗಳಿಗೆ ಅಡ್ಡಾಗಂಗಿಲ್ಲ!”

“ಬೆಕ್ಕಲ್ರೀ ಚಾಚಾ, ಭಾಯಿಜಾನ್ ತಂದಿರೋ ಕಂಪ್ಯೂಟರ್. ಬರ್ರಿ, ನೋಡ್ರಿ.”

ಅವನು ಬರಲಾರ ಎಂದುಕೊಂಡೇ ಕರೆದಿದ್ದೆ. ಬಂದ. ಟೀವಿಯ ಮೇಲೆ ಬಣ್ಣ ಬಣ್ಣದ ಪಟ್ಟಿಗಳು ಓಡುತ್ತಿದ್ದವು. ಅವನ್ನೇ ನೋಡುತ್ತಾ ನಿಂತು, “ನನ್ನ ಮಗಳನ್ನ ಬ್ಯಾಡ ಅಂದು ಹೋಗಿ ಅಲ್ಲಿ ಗಳಿಸಿದ್ದು ಇದೇ ಏನು, ಹುಡುಗ್ರ ಆಟದ ಸಾಮಾನು?” ಎಂದ.

ನನಗೆ ಮೈಯೆಲ್ಲ ಉರಿಯಿತು. “ಹುಡುಗ್ರ ಆಟ ಆದ್ರೆ ನೀವೊಂದು ಕೈ ಆಡಿ ತೋರಿಸ್ರಿ ನೋಡೋಣ” ಎಂದೆ. ಡಬ್ಬಿಯಲ್ಲಿದ್ದ ಅತಿ ಕಷ್ಟದ ಆಟವನ್ನೇ ಹುಡುಕಿ ಹಾಕಿದೆ. ಆಕಾಶದಿಂದ ಹಡಗುಗಳು ಮಳೆಯಂತೆ ಇಳಿಯುತ್ತವೆ, ಅವನ್ನು ಹೊಡೆದು ಉರುಳಿಸಬೇಕು. ಚೀಲದ ಕಟ್ಟು ಬಿಗಿದು ಬಿಗಿದು ಗಂಟಾಗಿದ್ದ ಆ ಬೆರಳುಗಳು ಗುಂಡಿ ಹುಡುಕುವುದರೊಳಗೆ ಆಟ ಮುಗಿದಿತ್ತು. ಮತ್ತೆ ಆಡಿದ. ಮತ್ತೆ ಸತ್ತ.

“ಮೋಸ ಐತೆ ಇದ್ರಾಗ. ನೀನೇ ಏನೋ ಒತ್ತಿದಿ.”

“ನನ್ನ ಕೈ ಇಲ್ಲಿ ಅದಾವಲ್ರೀ.”

“ನಿಮ್ಮ ಮನೇ ಸಾಮಾನು ನಿಮ್ಮಂಗೇ ಇರ್ತೈತಿ” ಎಂದು ಚಪ್ಪಲಿ ಮೆಟ್ಟಿ ಹೋದ. ಒಳಗಿನಿಂದ ಅಮ್ಮಿ, “ಆ ಮನುಷ್ಯನ್ನ ಯಾಕೆ ಒಳಗೆ ಕರೆದೆ?” ಎಂದು ನನ್ನ ಮೇಲೆ ಎಗರಿದಳು. ಅಬ್ಬಾನಿಗೆ ತಿಳಿದರೆ ತಲೆ ಒಡೆಯುತ್ತವೆ ಎಂದು ಇಬ್ಬರೂ ಬಾಯಿ ಮುಚ್ಚಿಕೊಂಡೆವು.

ಮರುದಿನ ಮಧ್ಯಾಹ್ನದ ನಮಾಜು ಮುಗಿಸಿ ಚಾಚಾ ಸೀದಾ ಬಂದು ಟೀವಿ ಮುಂದೆ ಕೂತ. ನಾನು ಮೋಟಾರು ಓಡಿಸುವ ಆಟ ಕೊಟ್ಟೆ. ಮೋಟಾರನ್ನು ಗೋಡೆಗೆ ಗುದ್ದಿಸಿದ. ಹಣ್ಣು ತಿನ್ನುವ ಆಟ ಕೊಟ್ಟೆ. ದೆವ್ವ ಬಂದು ನುಂಗಿತು. ಪ್ರತಿ ಸಲ ಸೋತಾಗಲೂ ಅಣ್ಣನಿಗೆ ಒಂದು ಬೈಗುಳ ಬೀಳುತ್ತಿತ್ತು. ಕೊನೆಗೆ ಅವನು ಗುಂಡಿಗಳ ಮೇಲಿನಿಂದ ಕೈ ತೆಗೆದು, “ಸೋಲೋದು ಗೆಲ್ಲೋದು ಇಲ್ದಿರೋದು ಒಂದೂ ಇಲ್ಲೇನು?” ಎಂದ.

ಕೇಳಿದವನು ಶತ್ರು. ಆದರೆ ಪ್ರಶ್ನೆ ಒಳ್ಳೆಯದಿತ್ತು. ಅದನ್ನು ನನಗೆ ಯಾರೂ ಕೇಳಿರಲಿಲ್ಲ. ಅಬ್ಬಾ ಆ ಯಂತ್ರದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನೆರೆಮನೆಯ ಹುಡುಗರಿಗೆ ಹೊಡೆಯುವ ಆಟ ಇದ್ದರೆ ಸಾಕು. ನಾನು ಯೋಚಿಸಿದೆ. ಈತನಿಗೆ ಇಂಗ್ಲಿಷ್ ಬರುವುದಿಲ್ಲ. ಬೆರಳು ಚುರುಕಿಲ್ಲ. ಸೋಲು ತಡೆಯುವುದಿಲ್ಲ. ದಿನಕ್ಕೆ ಒಂದು ತಾಸು ಕೂತರೆ ಹೆಚ್ಚು. ಇಂಥವನಿಗೆ ಸರಿಹೊಂದುವುದು ಆ ಡಬ್ಬಿಯಲ್ಲಿ ಒಂದೇ ಒಂದಿತ್ತು. ನನಗೂ ಅದೇ ಅಚ್ಚುಮೆಚ್ಚು.

“ಒಂದೈತ್ರಿ. ಅದರಾಗ ಸುಮ್ನೆ ತಿರುಗಾಡೋದು.”

“ಎಲ್ಲಿಗೆ?”

“ಎಲ್ಲಿಗೆ ಬೇಕಾದ್ರೂ.”

ಆ ಆಟದಲ್ಲಿ ಒಂದು ದೊಡ್ಡ ಸೀಮೆಯಿತ್ತು. ಕಾಡು, ಗುಡ್ಡ, ಹೊಳೆ, ಅಲ್ಲಲ್ಲಿ ನಾಲ್ಕಾರು ಮನೆಯ ಊರುಗಳು. ಎಲ್ಲ ಗೆರೆಯಲ್ಲಿ ಬರೆದಂಥವು, ಆದರೂ ಗುಡ್ಡ ಹತ್ತಿರ ಹೋದಂತೆ ದೊಡ್ಡದಾಗುತ್ತಿತ್ತು. ಕಳೆದುಹೋದ ಕಿರೀಟವೊಂದನ್ನು ಹುಡುಕಿ ತರಬೇಕೆಂದು ಮೊದಲಿಗೇ ಬರೆದು ತೋರಿಸುತ್ತಿತ್ತು. ಹುಡುಕದಿದ್ದರೆ ಕೇಳುವವರಿಲ್ಲ. ನಾಲ್ಕು ದಿಕ್ಕಿಗೆ ನಾಲ್ಕು ಗುಂಡಿ ತೋರಿಸಿಕೊಟ್ಟೆ. ಕಿರೀಟದ ವಿಷಯವನ್ನೂ ಹೇಳಿದೆ.

“ಯಾರದು ಕಿರೀಟ?”

“ರಾಜಂದು.”

“ಅವನೇ ಹುಡುಕ್ಕೊಳ್ಳಲಿ” ಎಂದು ಚಾಚಾ ಹೊಳೆಯ ಕಡೆ ಹೊರಟ.

ಅಂದಿನಿಂದ ದಿನವೂ ಬಂದ. ಅಮ್ಮಿ ಚಹಾ ಕೊಡಲಿಲ್ಲ, ನೀರೂ ಕೇಳಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೇಕೆಂದೇ ಎತ್ತಿ ಕುಕ್ಕುತ್ತಿದ್ದಳು. ಚಾಚಾ ಅದನ್ನೂ ಲೆಕ್ಕಿಸಲಿಲ್ಲ. ಹೊಳೆಯ ದಂಡೆ ಹಿಡಿದು ನಡೆದದ್ದೇ ನಡೆದದ್ದು. “ಇಷ್ಟು ದೊಡ್ಡ ಹೊಳಿ ಐತಿ ಅಂದಮ್ಯಾಲೆ ಹರಿಹರದಾಗ ಇದ್ದಂಗೆ ಒಂದು ಸೇತುವೆ ಇರಲೇಬೇಕು” ಎಂದು ಹಟ ಹಿಡಿದು, ಸೇತುವೆಯನ್ನು ಕಂಡುಹಿಡಿದೇಬಿಟ್ಟ. ಅಲ್ಲಿವರೆಗೆ ನಾನೂ ಅದನ್ನು ಕಂಡಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು.

ಸ್ನೇಹವೇನೂ ಬೆಳೆಯಲಿಲ್ಲ. ಓದುವವರು ಹಾಗೆ ನಿರೀಕ್ಷಿಸಬಾರದು. ಕರೆಂಟ್ ಹೋದರೆ ನಡೆದ ದಾರಿಯೆಲ್ಲ ಅಳಿಸಿಹೋಗಿ ಮತ್ತೆ ಮೊದಲಿನಿಂದ ಹೊರಡಬೇಕಿತ್ತು. ಆಗೆಲ್ಲ ಚಾಚಾ, “ಮೀಟರು ನಿಮ್ಮ ಕಡೀಗೆ ಐತೆ. ನಿಮ್ಮಮ್ಮನೇ ಫ್ಯೂಜು ತೆಗೆದಾಳ” ಎನ್ನುತ್ತಿದ್ದ. “ನಲ್ಲಿ ನಿಮ್ಮ ಕಡೆ ಐತಲ್ರೀ, ನಮಗೆ ಒಂದು ಕೊಡ ನೀರು ಬಿಟ್ಟಿದ್ರೆ ಫ್ಯೂಜೂ ಗಟ್ಟಿ ಇರ್ತಿತ್ತು” ಎಂದು ನಾನು ತಿರುಗಿಸಿ ಕೊಡುತ್ತಿದ್ದೆ. ಅಣ್ಣನನ್ನು ಬೈಯುತ್ತಲೇ ಅಣ್ಣನ ಯಂತ್ರದಲ್ಲಿ ಗುಡ್ಡ ಹತ್ತುತ್ತಿದ್ದ. “ನಾಚಿಕಿ ಆಗಂಗಿಲ್ಲೇನ್ರೀ?” ಎಂದು ಒಮ್ಮೆ ಕೇಳಿಯೂ ಬಿಟ್ಟೆ. “ಯಾಕ ಆಗಬೇಕು? ನನ್ನ ಮಗಳ ಮೂರು ವರ್ಷ ಅವನ ಕಡೆ ಬಾಕಿ ಐತೆ” ಎಂದ, ತೆರೆಯಿಂದ ಕಣ್ಣು ಕೀಳದೆ.

“ಚಾಚಾ, ಹಿಂಗೆ ತಿರುಗ್ತಾ ಇದ್ರೆ ಈ ಆಟ ಮುಗಿಯಂಗಿಲ್ಲ” ಎಂದರೆ, “ಮುಗಿಸಾಕ ಯಾರು ಬಂದಾರ?” ಎನ್ನುತ್ತಿದ್ದ.

ಮಳೆಗಾಲ ಮುಗಿದಿದ್ದ ದಿನಗಳು. ಚಾಚಾ ಸೇತುವೆ ದಾಟಿ ಆಚೆಯ ಬಯಲಿನಲ್ಲಿ ಹೋಗುತ್ತಿದ್ದ. ಬಾಗಿಲು ತಳ್ಳಿದ ಸದ್ದಾಯಿತು. ತಿರುಗಿ ನೋಡಿದರೆ ಅವನ ಮಗಳು. ಗೋಡೆ ಎದ್ದ ಮೇಲೆ ಅವಳು ನಮ್ಮ ಹೊಸ್ತಿಲು ತುಳಿದಿದ್ದು ಅದೇ ಮೊದಲು. ಹೊಸ ಗುಲಾಬಿ ಬಣ್ಣದ ಸೀರೆ, ತಲೆಯ ಮೇಲೆ ಸೆರಗು, ಕಣ್ಣಿಗೆ ಕಾಡಿಗೆ. ಓಡಿ ಬಂದಿದ್ದರಿಂದ ಏದುಸಿರು. ನಮ್ಮ ಮನೆಯೊಳಗೆ ತಂದೆಯ ಜೊತೆಗೂ ಕನ್ನಡದಲ್ಲೇ ಮಾತಾಡಿದಳು.

“ಅಪ್ಪಾ, ಹರಿಹರದೋರು ಬಂದು ಕೂತಾರೆ. ಓಣಿ ತುಂಬಾ ನಿಮ್ಮನ್ನ ಹುಡುಕ್ತಾ ಅದಾರೆ.”

ಅವಳನ್ನು ನೋಡಲು ಗಂಡಿನ ಕಡೆಯವರು ಅವತ್ತು ಬರುವುದಿತ್ತು. ಚಾಚಾ ಮರೆತಿದ್ದ. ಹೆಣ್ಣಿನ ತಂದೆ ಮನೆಯಲ್ಲಿಲ್ಲ ಎಂದು ಚಾಚಿ ಅಂಗಡಿಗೆ ಆಳು ಕಳಿಸಿದ್ದಳು, ಮಸೀದಿಗೂ ಕಳಿಸಿದ್ದಳು. ನಮ್ಮ ಮನೆಯಲ್ಲಿ ಹುಡುಕಬೇಕೆಂದು ಯಾರಿಗೂ ತೋಚಿರಲಿಲ್ಲ. ಕ್ಯಾಸೆಟ್ಟಿನ ಕಿರುಚಾಟದ ಜೊತೆ ದಿನವೂ ತನ್ನ ತಂದೆಯ ಕೆಮ್ಮು ಗೋಡೆಯಾಚೆಯಿಂದ ಕೇಳಿಸುತ್ತದೆಂದು ಅವಳೊಬ್ಬಳಿಗೇ ಗೊತ್ತಿತ್ತು.

“ಬಂದೆ, ಬಂದೆ. ಆ ಮನಿ ಹತ್ರ ಹೋಗಿ ಬರ್ತೀನಿ ತಡಿ” ಎಂದ ಚಾಚಾ. ತೆರೆಯ ಮೇಲೆ ಬಯಲಿನ ತುದಿಯಲ್ಲಿ ಒಂದು ಒಂಟಿ ಮನೆ ಕಾಣಿಸಿತ್ತು.

ಅವಳು ಅವನನ್ನು ನೋಡಿದಳು. ಟೀವಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ನನ್ನನ್ನ ಬ್ಯಾಡ ಅಂದೋನ ಪೆಟ್ಟಿಗಿ ಮುಂದ ಕೂತೀರೇನಪ್ಪಾ?”

ಚಾಚಾ ಉತ್ತರ ಕೊಡುವ ಮೊದಲೇ ಅವಳು ಗೋಡೆಯ ಪ್ಲಗ್ಗು ಕಿತ್ತು ವೈರನ್ನು ನೆಲಕ್ಕೆ ಬಿಸಾಡಿದಳು. ಸೀಮೆ, ಸೇತುವೆ, ಮನೆ ಎಲ್ಲ ಒಂದು ಚುಕ್ಕೆಯಾಗಿ ಆರಿಹೋಯಿತು.

ಚಾಚಾ ಎದ್ದವನೇ ಮಗಳನ್ನು ಬೈಯಲಿಲ್ಲ. ನನ್ನ ಕಡೆ ಬೆರಳು ತೋರಿಸಿ, ಓಣಿಗೆಲ್ಲ ಕೇಳುವ ಹಾಗೆ, “ಇವಳೇ! ಇವಳೇ ಕರೆದು ಕೂಡಿಸಿಕೊಂಡಿದ್ದು! ನನ್ನ ಮಗಳ ಮದುವಿ ಕೆಡಿಸಾಕ ಅಣ್ಣ ತಂಗಿ ಕೂಡಿ ಹೂಡಿರೋ ಆಟ ಇದು!” ಎಂದು ಕೂಗಿದ. ನಾನು ಸುಮ್ಮನಿರುವವಳಲ್ಲ. “ದಿನಾ ನಮಾಜು ಮುಗಿಸಿ ಓಡಿ ಬರ್ತಿದ್ದೋರು ಯಾರ್ರೀ? ನಾನೇನು ಕೈ ಹಿಡಿದು ಎಳ್ಕೊಂಡು ಬಂದಿದ್ನಾ?” ಎಂದೆ. ಅಮ್ಮಿ ಇಷ್ಟು ದಿನ ನುಂಗಿದ್ದನ್ನೆಲ್ಲ ಒಮ್ಮೆಗೇ ಕಕ್ಕಿದಳು. ಯಾರೋ ಹೋಗಿ ಹೇಳಿ ಅಬ್ಬಾ ಅಂಗಡಿಯಿಂದ ಬಂದ. ತಮ್ಮ ತನ್ನ ಮನೆಯಲ್ಲಿ ನಿಂತಿರುವುದನ್ನು ಕಂಡು ಅವನ ಅಂಗಿಯ ಕೊರಳಪಟ್ಟಿಗೆ ಕೈ ಹಾಕಿದ. ಬಿಡಿಸಲು ಬಂದವರಲ್ಲಿ ಹರಿಹರದಿಂದ ಬಂದಿದ್ದ ಗಂಡಿನ ತಂದೆಯೂ ಇದ್ದರು. ಅವರ ಬಿಳಿ ಜುಬ್ಬಾದ ತೋಳು ಹರಿಯಿತು.

ಇಷ್ಟಾದರೂ ಆ ಸಂಬಂಧ ಮುರಿಯಲಿಲ್ಲ. ಹುಡುಗನ ತಾಯಿಗೆ ಹುಡುಗಿ ಹಿಡಿಸಿದ್ದಳು. ಗಲಾಟೆಯ ನಡುವೆಯೇ ಅವಳು ಹಿಂತಿರುಗಿ ಹೋಗಿ ಬಂದವರಿಗೆಲ್ಲ ಒಂದು ಹನಿಯೂ ಚೆಲ್ಲದೆ ಶರಬತ್ತು ಕೊಟ್ಟಳಂತೆ. ಮದುವೆಗೆ ನಮ್ಮನ್ನು ಕರೆಯಲಿಲ್ಲ. ಗೋಡೆಯಾಚೆ ಬಿರಿಯಾನಿ ದಮ್ಮಿಗೆ ಇಟ್ಟ ವಾಸನೆ ಬಂದಾಗ ಅಮ್ಮಿ ಕಿಟಕಿ ಮುಚ್ಚಿದಳು. ಅಬ್ಬಾ ನನ್ನ ಜೊತೆ ಎಷ್ಟೋ ದಿನ ಮಾತು ಬಿಟ್ಟ. ಕಂಪ್ಯೂಟರನ್ನು ಅಟ್ಟಕ್ಕೆ ಹಾಕಿಸಿದ. ಅಲ್ಲಿ ಇಲಿಗಳು ವೈರು ಕಡಿದವು.

ಕೆಲವು ವರ್ಷಗಳ ನಂತರ ಒಂದು ಟಾಕೀಜಿನ ಪಕ್ಕ ನಾಣ್ಯ ಹಾಕಿ ಆಡುವ ವಿಡಿಯೋ ಗೇಮಿನ ಅಂಗಡಿ ಬಂತು. ಚಾಚಾ ಅಲ್ಲಿಗೆ ಹೋಗಿ ‘ಸುಮ್ನೆ ತಿರುಗಾಡೋ ಆಟ ಐತೇನು’ ಎಂದು ಕೇಳಿದನಂತೆ. ಹುಡುಗರು ನಕ್ಕರಂತೆ. ಯಾರೋ ಹೇಳಿದ್ದು. ಕೇಳಿ ನನಗೂ ನಗು ಬಂತು, ಅದು ಒಳ್ಳೆಯ ನಗುವೇನಲ್ಲ.

ಅಷ್ಟರಲ್ಲಿ ನನಗೆ ಹರಿಹರದಲ್ಲಿ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ದಾವಣಗೆರೆಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಒಂದು ಸಂಜೆ ಹರಿಹರದ ಬಸ್‌ ನಿಲ್ದಾಣದಲ್ಲಿ ಚಾಚಾನ ಮಗಳು ಕಂಡಳು. ಬುರ್ಖಾದ ಮುಖಪರದೆ ಹಿಂದೆ ಸರಿಸಿಕೊಂಡು, ಕಂಕುಳಲ್ಲಿ ಮಗು ಎತ್ತಿಕೊಂಡು ನಿಂತಿದ್ದಳು. ಗುರುತು ಸಿಕ್ಕಿಯೂ ಇಬ್ಬರೂ ಬೇರೆ ಕಡೆ ನೋಡಿದೆವು. ಬಸ್ಸು ಬರಲಿಲ್ಲ. ಎಷ್ಟು ಹೊತ್ತೆಂದು ಹಾಗೆ ನಿಲ್ಲುವುದು? ಅವಳೇ ಹತ್ತಿರ ಬಂದಳು. ಕ್ಷೇಮ ವಿಚಾರಿಸಲಿಲ್ಲ.

“ಅವತ್ತು ಅಪ್ಪ ಆಡ್ತಿದ್ರಲ್ಲ, ಅದು ಎಂಥಾ ಆಟ?”

“ತಿರುಗಾಡೋ ಆಟ. ದೊಡ್ಡ ಸೀಮೆ ಇರ್ತದೆ. ಎಲ್ಲಿಗೆ ಬೇಕಾದ್ರೂ ಹೋಗಬಹುದು. ಯಾರೂ ತಡೆಯಂಗಿಲ್ಲ.”

ಅವಳು ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು.

“ನಿಮ್ಮಣ್ಣ ಬ್ಯಾಡ ಅಂದಮ್ಯಾಲೆ ಅಪ್ಪ ನನ್ನನ್ನ ಓಣಿ ಬಾಗಿಲಿಗೂ ನಿಲ್ಲಾಕ ಬಿಡ್ತಿರಲಿಲ್ಲ. ಜನ ಆಡ್ಕೊಂತಾರೆ ಅಂತ. ಮೂರು ವರ್ಷ ಆ ಗೋಡಿ ನೋಡ್ಕೊಂತ ಕೂತಿದ್ದೆ. ನೀನು ಆ ಆಟನ ಹುಡುಕಿ ಹುಡುಕಿ ಅವರಿಗೆ ಕೊಟ್ಟೆಲ್ಲ, ನನಗ್ಯಾಕ ಕೊಡಲಿಲ್ಲ?”

“ನೀನು ಎಲ್ಲಿ ಬರ್ತಿದ್ದೆ?”

“ಕರೆದಿದ್ಯಾ?”

ದಾವಣಗೆರೆಯ ಬಸ್ಸು ಬಂದು ನಿಂತಿತು. ಜನ ನುಗ್ಗಿದರು. ನಾನು ಹತ್ತಿದೆ. ಕಿಟಕಿಯ ಪಕ್ಕ ಜಾಗ ಸಿಕ್ಕಿ ಕೂತು ನೋಡಿದರೆ ಅವಳು ಹತ್ತದೆ ಹಿಂದೆ ಸರಿದು ನಿಂತಿದ್ದಳು. ನನ್ನ ಜೊತೆ ಒಂದೇ ಬಸ್ಸಿನಲ್ಲಿ ಕೂರುವುದಕ್ಕಿಂತ ಮುಂದಿನ ಬಸ್ಸಿಗೆ ಕಾಯುವುದೇ ಮೇಲು ಎನ್ನಿಸಿರಬೇಕು. ಬಸ್ಸು ಹೊರಟಿತು. ಊರು ಮುಟ್ಟುವವರೆಗೂ ನಾನು ಮನಸ್ಸಿನಲ್ಲೇ ಚಾಚಾನನ್ನು ಬೈಯುತ್ತಾ ಇದ್ದೆ, ಕನ್ನಡದಲ್ಲಿ.