ದಸ್ತಗೀರ ಚಾಚಾರ ಮೂಗು

ದಸ್ತಗೀರ ಚಾಚಾ ಕೆಟ್ಟ ಕಂಪ್ಯೂಟರನ್ನು ಮೊದಲು ಮೂಸಿ ನೋಡುತ್ತಿದ್ದರು. ಗುಂಡಿ ಒತ್ತುವುದು, ಪರದೆ ನೋಡುವುದು ಎಲ್ಲ ಆಮೇಲೆ. ಕನ್ನಡಕವನ್ನು ಹಣೆಗೇರಿಸಿ, ಬಿಳಿ ಗಡ್ಡವನ್ನು ಒಂದು ಕೈಯಲ್ಲಿ ಹಿಡಿದು, ಯಂತ್ರದ ಬೆನ್ನಿಗೆ ಮೂಗು ತಾಗುವಷ್ಟು ಬಾಗಿ ದೀರ್ಘವಾಗಿ ಉಸಿರೆಳೆಯುತ್ತಿದ್ದರು. ಬಳಿಕ ತೀರ್ಪು. "ವೈರ್ ಸುಟ್ಟಿಲ್ರಿ." ಇಲ್ಲವೇ, "ಇದರಾಗ ಚಹಾ ಬಿದ್ದೈತಿ. ಯಾಲಕ್ಕಿ ಹಾಕಿದ್ದು." ಚಹಾ ಚೆಲ್ಲಿದ ಸಂಗತಿಯನ್ನು ಮುಚ್ಚಿಟ್ಟು ಬಂದ ಗಿರಾಕಿ ಅಲ್ಲಿಯೇ ತಲೆ ತಗ್ಗಿಸುತ್ತಿದ್ದ.

ನಾನು ವಿಜ್ಞಾನದ ಶಿಕ್ಷಕಿ. ಮೊದಲ ಸಲ ಇದನ್ನು ಕಂಡಾಗ ನಗು ತಡೆಯಲು ಕರವಸ್ತ್ರ ಅಡ್ಡ ಹಿಡಿದೆ. ಕರವಸ್ತ್ರ ಹೇಗೂ ಕೈಯಲ್ಲೇ ಇತ್ತು. ಚಾಚಾರ ಅಂಗಡಿ ನಿಪ್ಪಾಣಿಯ ತಂಬಾಕಿನ ವಖಾರಗಳ, ಅಂದರೆ ಗೋದಾಮುಗಳ, ಓಣಿಯಲ್ಲಿತ್ತು. ಅಥಣಿ ಕಡೆಯ ಅನಂತಪುರದಲ್ಲಿ ಜೋಳದ ಧೂಳು ಕುಡಿದು ಬೆಳೆದ ನನಗೆ ಆ ಓಣಿಯ ಬಾಯಿಗೆ ಬಂದರೆ ಸಾಕು, ಸಾಲಾಗಿ ಸೀನು. ಊರಿನವರಿಗೆ ಏನೂ ಆಗುತ್ತಿರಲಿಲ್ಲ. ಚಾಚಾರ ತಂದೆ ತಂಬಾಕನ್ನು ಮೂಸಿಯೇ ಅದರ ದರ್ಜೆ ಹೇಳುತ್ತಿದ್ದವರಂತೆ. ಆ ಮೂಗನ್ನು ಮಗ ಮೊದಲು ರೇಡಿಯೋಕ್ಕೆ, ನಂತರ ಟಿವಿಗೆ, ಕೊನೆಗೆ ಕಂಪ್ಯೂಟರಿಗೆ ಹಚ್ಚಿದ್ದರು. ನಾನು ಸೀನುತ್ತ ಒಳಗೆ ಬಂದಾಗ ಅವರು ತಲೆ ಎತ್ತದೆಯೇ ಹೇಳಿದರು: "ಬರ್ರಿ ಅಕ್ಕೋರ. ಹೊರಗಿನವ್ರು ಬಂದ್ರು ಅಂತ ನಿಮ್ಮ ಮೂಗ ಹೇಳ್ತು."

ನಾನು ಹೋದದ್ದು ನನ್ನ ಗಂಡ ಅಣ್ಣಾಸಾಬನಿಗಾಗಿ. ಅವನು ಲಾರಿ ಡ್ರೈವರ್. ಆ ವರ್ಷ ಸ್ತವನಿಧಿ ಘಾಟಿನ ತಿರುವಿನಲ್ಲಿ ಅವನ ಲಾರಿ ಪಲ್ಟಿಯಾಗಿ ಬೆನ್ನುಮೂಳೆಗೆ ಪೆಟ್ಟಾಗಿತ್ತು. ಆಪರೇಶನ್ ಆಗಿ ನಾಲ್ಕು ತಿಂಗಳಾದರೂ ಹಾಸಿಗೆ ಬಿಟ್ಟಿರಲಿಲ್ಲ. ದಿನಕ್ಕೆ ಅರ್ಧ ತಾಸಾದರೂ ಕೂರಲೇಬೇಕು, ಇಲ್ಲವಾದರೆ ಮುಂದೆ ಏಳುವುದು ಕಷ್ಟ ಎಂದು ಡಾಕ್ಟರರು ಹೇಳಿದ್ದರು. ಅವನು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. "ಕುಂತು ಏನ ಮಾಡ್ಲಿ? ಮುಂದ ಸ್ಟೇರಿಂಗ್ ಐತೇನು?" ಎಂದು ಒಂದು ದಿನ ಕೇಳಿಬಿಟ್ಟ. ಲಾರಿ ಓಡಿಸುವ ಕಂಪ್ಯೂಟರ್ ಆಟವೊಂದಿದೆ ಎಂದು ಶಾಲೆಯಲ್ಲಿ ಯಾರೋ ಹೇಳಿದ್ದು ನೆನಪಾಗಿ, ಮರುದಿನವೇ ಚಾಚಾರಲ್ಲಿಗೆ ಹೋದೆ.

ಅವರ ಬಳಿ ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು, ಯಾವುದೋ ತಂಬಾಕಿನ ವ್ಯಾಪಾರಿಯ ಆಫೀಸಿನಿಂದ ಬಂದದ್ದು. ಅದಕ್ಕೆ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿದ್ದರು. "ಹಳೀ ಮೈಯಾಗ ಹೊಸಾ ಭಾರ ಯಾಕ್ರಿ? ಇದು ಹಗೂರ ನಡೀತೈತಿ" ಎಂದರು. ಹಗುರವಾಗಿ ನಡೆಯಿತು, ಖರೆ. ಆದರೆ ಆಟ ಮಾತ್ರ ತೆರೆಯಲಿಲ್ಲ. ಕಪ್ಪು ಪರದೆ, ಅಷ್ಟೇ.

ಅಂದಿನಿಂದ ಚಾಚಾ ಮಧ್ಯಾಹ್ನದ ನಮಾಜು ಮುಗಿಸಿ ನಮ್ಮ ಮನೆಗೇ ಬರತೊಡಗಿದರು. ಶಾಲೆಗೆ ದೀಪಾವಳಿ ರಜೆ, ನಾನೂ ಮನೆಯಲ್ಲೇ ಇದ್ದೆ. ಅಣ್ಣಾಸಾಬನ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು, ಪರದೆಯ ಮೇಲೆ ಬಂದ ದೋಷದ ಸಾಲುಗಳನ್ನು ಒಂದಕ್ಷರ ಬಿಡದೆ ಗಟ್ಟಿಯಾಗಿ ಓದುತ್ತಿದ್ದರು. ನಾನಾದರೆ ಅವುಗಳನ್ನು ಕಂಡ ತಕ್ಷಣ ಮುಚ್ಚಿಬಿಡುತ್ತಿದ್ದೆ. "ಮಷೀನ್ ಸುಳ್ಳ ಹೇಳೂದಿಲ್ರಿ ಅಕ್ಕೋರ. ನಾವ ಪೂರ್ತಾ ಓದೂದಿಲ್ಲ" ಎನ್ನುತ್ತಿದ್ದರು. ಅವರ ಬಾಯಲ್ಲಿ ಯಂತ್ರ 'ಕೆಟ್ಟಿದೆ' ಎಂಬ ಮಾತು ಎಂದೂ ಬರಲಿಲ್ಲ. "ಅದಕ್ಕೇನೋ ಬೇಕಾಗೈತಿ, ಸಿಗವಲ್ತು" ಎಂದೇ ಹೇಳುವರು. ಆ ಆಟ ಲಿನಕ್ಸಿಗೆ ಮಾಡಿದ್ದಲ್ಲವಾದ್ದರಿಂದ ನಡುವೆ ವೈನ್ ಎಂಬ ತಂತ್ರಾಂಶವೊಂದು ಬೇಕಿತ್ತು. ಐದು ಹೊತ್ತಿನ ನಮಾಜಿನ ಮನುಷ್ಯ ಆ ಹೆಸರನ್ನು ನಾಲಿಗೆಯ ಮೇಲೆ ತರಲಿಲ್ಲ, 'ದುಭಾಷಿ' ಎಂದೇ ಕರೆದರು. "ಆಟ ಮರಾಠಿ ಮಾತಾಡ್ತೈತಿ, ಮಷೀನಿಗೆ ಕನ್ನಡ ಅಷ್ಟ ಬರ್ತೈತಿ. ನಡುವ ಒಬ್ಬ ದುಭಾಷಿನ್ನ ಕುಂಡ್ರಿಸೀನಿ" ಎಂದು ಅವರು ವಿವರಿಸಿದ್ದು ಕನ್ನಡ ಮರಾಠಿ ಎರಡೂ ಆಡುವ ನಿಪ್ಪಾಣಿಯಲ್ಲಿ ಯಾರಿಗಾದರೂ ತಿಳಿಯುವಂಥದ್ದು. ಆ ದುಭಾಷಿಗೆ ಬೇಕಾದ ಲೈಬ್ರರಿ ಎಂಬ ಕಡತವೊಂದನ್ನು ಹುಡುಕಿ ತಂದರು, ಚಿತ್ರ ಮೂಡಿಸುವ ಡ್ರೈವರ್ ಎಂಬ ತಂತ್ರಾಂಶ ಬದಲಿಸಿದರು.

ನಾಲ್ಕನೆಯ ದಿನ ಪರದೆಯ ಮೇಲೆ ಲಾರಿಯೊಂದು ಬಂದು ನಿಂತಿತು. ಅಣ್ಣಾಸಾಬ ಯಾರೂ ಹೇಳದೆಯೇ ದಿಂಬನ್ನು ಬೆನ್ನಿಗೆ ಕೊಟ್ಟು ಎದ್ದು ಕೂತ. ಕೀಲಿಗಳ ಮೇಲೆ ಬೆರಳಿಟ್ಟು ಮೊದಲು ಮಾಡಿದ್ದು ಹಾರ್ನ್ ಬಾರಿಸಿದ್ದು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಆದರೆ ಆ ಸುಖ ಒಂದು ದಿನದ್ದು. ಮರುದಿನ ಅವನು ಒಂದು ತಿರುವಿನಲ್ಲಿದ್ದಾಗ ಚಿತ್ರ ಗಕ್ಕನೆ ನಿಂತಿತು. ಎರಡು ಸಲ ಕಣ್ಣು ಪಿಳುಕಿಸುವಷ್ಟು ಹೊತ್ತು, ಅಷ್ಟೇ. ಮತ್ತೆ ಚಲಿಸಿದಾಗ ಲಾರಿ ಕಂದಕದಲ್ಲಿ ಮಗ್ಗುಲಾಗಿ ಬಿದ್ದಿತ್ತು. ಲ್ಯಾಪ್‌ಟಾಪ್ ಮುಚ್ಚಿ, "ನೋಡಿದಿ? ಅಲ್ಲೂ ಪಲ್ಟಿ" ಎಂದವನೇ ಗೋಡೆಯ ಕಡೆ ತಿರುಗಿದ. ಎರಡು ದಿನ ಕೂರಲೇ ಇಲ್ಲ. ಒಂದು ಆಟ ತಡವರಿಸಿದರೆ ಒಂದು ಸಂಸಾರ ನಡುಗುತ್ತದೆ ಎಂದು ಅದನ್ನು ಮಾಡಿದವರಿಗೆ ಎಲ್ಲಿ ಗೊತ್ತಿರಬೇಕು.

ಚಾಚಾ ಬಂದು ಲ್ಯಾಪ್‌ಟಾಪನ್ನು ಮೂಸಿದರು. "ಏನೂ ವಾಸನಿ ಇಲ್ಲ" ಎಂದರು. ಬೆನ್ನು ಬಿಚ್ಚಿ ಫ್ಯಾನಿಗೆ ಬ್ರಷ್ ಆಡಿಸಿದರು. ನಂತರ ಬೀಡಿ ಪೆಟ್ಟಿಗೆಯ ರಟ್ಟೊಂದನ್ನು ತೆಗೆದು, ಪೆನ್ಸಿಲಿನಿಂದ ಬರೆಯುತ್ತ ಒಂದೊಂದೇ ಬದಲಾವಣೆ ಮಾಡತೊಡಗಿದರು. ಒಂದು ದಿನ ಚಿತ್ರದ ಗಾತ್ರ ಇಳಿಸಿದರು. ಇನ್ನೊಂದು ದಿನ ದುಭಾಷಿಯನ್ನೇ ಬದಲಿಸಿದರು. ಮತ್ತೊಂದು ದಿನ ಆಟದಲ್ಲಿನ ನೆರಳುಗಳನ್ನೆಲ್ಲ ತೆಗೆದುಹಾಕಿದರು. "ನೆರಳಿಲ್ದ ರೋಡ್ ಎಲ್ಲಿ ಐತಿ ಚಾಚಾ?" ಎಂದು ಅಣ್ಣಾಸಾಬ ಗೊಣಗಿದ. "ರಾಯಬಾಗ ರೋಡಿಗೆ ಬ್ಯಾಸಗ್ಯಾಗ ಹೋಗಿ ನೋಡೋ" ಎಂದರು ಚಾಚಾ. ಏನು ಮಾಡಿದರೂ ಚಿತ್ರ ನಿಲ್ಲುವುದು ನಿಲ್ಲಲಿಲ್ಲ. ಪ್ರತಿ ಪಲ್ಟಿಗೂ ಅವನು ಗೋಡೆಗೆ ತಿರುಗುತ್ತಿದ್ದ. ನನಗೆ ತಾಳ್ಮೆ ಕೆಟ್ಟು, "ಎಲ್ಲಾ ಒಮ್ಮೆಲೇ ಮಾಡಿಬಿಡ್ರಿ ಚಾಚಾ, ದಿನಕ್ಕೊಂದು ಅಂದ್ರ ಇವರ ಮನಸ್ಸು ಸತ್ತಹೋಗ್ತೈತಿ" ಎಂದು ರೇಗಿದೆ.

"ಒಂದ ಸಲಕ್ಕ ಒಂದ, ಅಕ್ಕೋರ. ಎರಡು ಮಾಡಿದ್ರ ಆಮ್ಯಾಲ ಯಾವದರಿಂದ ಸರಿ ಆತು ಅಂತ ಶುಕ್ರ್ ಹೇಳೂದು?"

ಎಂದು ಚಾಚಾ ರಟ್ಟನ್ನು ನನ್ನ ಕೈಗೇ ಕೊಟ್ಟರು. ಆಟ ಸುರುವಾದ ನಿಮಿಷದಿಂದ ಏನೇನಾಯಿತೋ ಎಲ್ಲ ಬರೆಯಬೇಕಂತೆ. "ಬ್ಯಾಡಾದ್ದೂ ಬರೀರಿ. ಬ್ಯಾಡಾದ್ದು ಯಾವದು ಅಂತ ನಮಗೇನ ಗೊತ್ತು?" ಮಕ್ಕಳಿಗೆ ವರ್ಷಗಟ್ಟಲೆ ಪ್ರಯೋಗದ ವಹಿ ಬರೆಸಿದ ನನಗೆ ಈ ಮುದುಕ ಪಾಠ ಹೇಳುತ್ತಾನಲ್ಲ ಎಂದು ಸಿಟ್ಟು ಬಂತು. ಆ ಸಿಟ್ಟಿಗೇ ಎಲ್ಲವನ್ನೂ ಬರೆದೆ. ಹಾಲಿನವ ಬಂದದ್ದು, ಬೆಕ್ಕು ಕಿಟಕಿ ಹತ್ತಿದ್ದು, ನಾನು ಸೀನಿದ್ದು.

ಮೂರು ದಿನ ಬಿಟ್ಟು ಚಾಚಾ ಆ ರಟ್ಟನ್ನು ಓದುತ್ತ ಓದುತ್ತ ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಅಕ್ಕೋರ, ಮೊನ್ನೆ ಹದಿನೈದನೇ ನಿಮಿಷಕ್ಕ ನಿಮಗ ಸೀನು. ನಿನ್ನೆ ಹದಿನಾರಕ್ಕ ಸೀನು. ಇವತ್ತೂ ಹದಿನೈದಕ್ಕ. ಪ್ರತಿ ಸಲ ಅದರ ಹಿಂದ ಎರಡ ನಿಮಿಷಕ್ಕ ಪಲ್ಟಿ. ನೀವು ಸೀನಿದ್ರ ಇವನ ಗಾಡಿ ಯಾಕ ಬೀಳ್ತೈತಿ?"

"ಮದಿವ್ಯಾದಾಗಿಂದ ಹಿಂಗ ಐತಿ ಚಾಚಾ" ಎಂದ ಅಣ್ಣಾಸಾಬ. ಅಪಘಾತದ ನಂತರ ಅವನು ನಕ್ಕದ್ದು ಅಂದೇ.

ಚಾಚಾ ನಗಲಿಲ್ಲ. ಆಟ ಹಚ್ಚಿಸಿ, ಫ್ಯಾನು ಜೋರಾಗುವವರೆಗೆ ಕಾದು, ಲ್ಯಾಪ್‌ಟಾಪಿನ ಪಕ್ಕದ ಕಿಂಡಿಗೆ ನನ್ನ ಮೂಗು ಹಿಡಿಯಲು ಹೇಳಿದರು. ಮೂರು ಸೀನು ಒಂದರ ಹಿಂದೊಂದು ಬಂದವು. "ತಂಬಾಕು, ಚಾಚಾ. ಘಮ್ಮಂತ ಹೊಡ್ಯಾಕತ್ತೈತಿ" ಎಂದೆ. ಅವರು ತಮ್ಮ ಮೂಗು ಹಿಡಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಉಸಿರೆಳೆದರು. ಅವರಿಗೆ ಏನೂ ತಿಳಿಯಲಿಲ್ಲ. ಬೆನ್ನು ಬಿಚ್ಚಿ, ಈ ಸಲ ಫ್ಯಾನನ್ನೂ ಕಿತ್ತು ಹೊರಗಿಟ್ಟರು. ಅದರ ಹಿಂದೆ, ಬಿಸಿಗಾಳಿ ಹೊರಹೋಗುವ ಜಾಲರಿಯ ಮೇಲೆ, ಕಂದು ಬಣ್ಣದ ದಪ್ಪ ಕಂಬಳಿಯಂಥ ಪದರ. ವ್ಯಾಪಾರಿಯ ವಖಾರದ ಎಷ್ಟೋ ವರ್ಷಗಳ ತಂಬಾಕಿನ ಧೂಳು. ಬಿಸಿಯಾಗಿ ಫ್ಯಾನು ಜೋರಾದಾಗ ಅದರ ವಾಸನೆ ನನ್ನ ಮೂಗಿಗೆ ಬರುತ್ತಿತ್ತು; ಒಳಗಿನ ಕಾವು ಹೊರಬೀಳಲಾರದೆ ಎರಡು ನಿಮಿಷದಲ್ಲಿ ಯಂತ್ರ ಜೀವ ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತಿತ್ತು.

ಚಾಚಾ ಆ ಧೂಳನ್ನು ಅಂಗೈಯಲ್ಲಿ ಹಾಕಿಕೊಂಡು ಮತ್ತೊಮ್ಮೆ ಮೂಸಿದರು. "ಊರ ಮಂದಿ ಮಷೀನೆಲ್ಲಾ ಮೂಸಿದ ಮೂಗು, ಅಕ್ಕೋರ. ತನ್ನ ಊರಿನ ವಾಸನಿ ಒಂದ ಅದಕ್ಕ ತಿಳೀಲಿಲ್ಲ" ಎಂದರು. ಅವರ ಮೂಗನ್ನು ನೋಡಿ ನಕ್ಕಿದ್ದಕ್ಕೆ ನನಗೆ ಆಗ ನಾಚಿಕೆಯಾಯಿತು. ಜಾಲರಿ ಸ್ವಚ್ಛವಾದ ಮೇಲೆ ಅಂದು ಅಣ್ಣಾಸಾಬ ನಲವತ್ತು ನಿಮಿಷ ಕೂತು, ಒಂದೂ ಪಲ್ಟಿಯಿಲ್ಲದೆ ಲಾರಿ ಓಡಿಸಿದ. ಚಾಚಾ ನೆರಳುಗಳನ್ನೂ ಮರಳಿ ಹಾಕಿಕೊಟ್ಟರು.

ಮುಂದಿನ ಮಳೆಗಾಲದ ಹೊತ್ತಿಗೆ ಅವನು ನಡೆಯುತ್ತಿದ್ದ. ಡಾಕ್ಟರರು ಸಣ್ಣ ಗಾಡಿ ನಡೆಸಬಹುದೆಂದರು. ಅವನ ಹುಟ್ಟೂರು ಸದಲಗಾದಲ್ಲಿ ಹಾಲಿನ ವ್ಯಾನಿನ ಕೆಲಸವೂ ಸಿಕ್ಕಿತು. ಸೇರುವ ಮೊದಲು ಒಮ್ಮೆ ಆ ಘಾಟ್ ಇಳಿಯಬೇಕು, ಇಲ್ಲವಾದರೆ ಸ್ಟೇರಿಂಗ್ ಮುಟ್ಟುವುದಿಲ್ಲ, ಪಕ್ಕದಲ್ಲಿ ಚಾಚಾ ಇರಬೇಕು ಎಂದು ಹಟ ಹಿಡಿದ. ಮೂವರೂ ವ್ಯಾನಿನ ಮುಂದುಗಡೆ ಒತ್ತಿ ಕೂತೆವು. ಚಾಚಾ ಜೇಬಿನಿಂದ ಒಂದು ರಟ್ಟು ತೆಗೆದು ತೊಡೆಯ ಮೇಲಿಟ್ಟುಕೊಂಡು, ಪ್ರತಿ ತಿರುವು ದಾಟಿದಾಗಲೂ ಬರೆದು ಗಟ್ಟಿಯಾಗಿ ಓದಿದರು. "ಒಂದನೇ ತಿರುವು: ಏನೂ ಆಗಲಿಲ್ಲ. ಎರಡನೇ ತಿರುವು: ಏನೂ ಆಗಲಿಲ್ಲ." ಲಾರಿ ಬಿದ್ದ ಜಾಗ ಬಂತು. ಅಣ್ಣಾಸಾಬ ಗೇರ್ ಇಳಿಸಿದ. ವ್ಯಾನು ತಿರುಗಿತು. ಚಾಚಾ ಪೆನ್ಸಿಲನ್ನು ನಾಲಿಗೆಗೆ ಹಚ್ಚಿ ದೊಡ್ಡ ಅಕ್ಷರದಲ್ಲಿ ಬರೆದರು: "ಇಲ್ಲಿಯೂ ಏನೂ ಆಗಲಿಲ್ಲ." ಆ ರಟ್ಟು ನನ್ನ ಬಳಿ ಇದೆ.

ಕೊನೆಯ ಸಲ ಅವರನ್ನು ಕಂಡದ್ದು ಅಂಗಡಿಯಲ್ಲಿ. ಬಹಳ ಇಳಿದುಹೋಗಿದ್ದರು, ಮಾತಿನ ನಡುನಡುವೆ ಕೆಮ್ಮು. "ಇನ್ನೂ ಸೀನು ಬರ್ತಾವೇನ್ರಿ?" ಎಂದು ಕೇಳಿದರು. ಬರುತ್ತವೆ ಎಂದೆ. "ಬರಲಿ ಬರಲಿ. ಈ ಊರಾಗ ಒಂದ ಮೂಗಾದ್ರೂ ಎಚ್ಚರ ಇರಲಿ" ಎಂದರು. ರಮಜಾನ್ ಕಳೆದು ಎಂಟು ದಿನಕ್ಕೆ ತೀರಿಕೊಂಡರು. ಅವರ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಅಲ್ಲಿ ಹಾಯುವಾಗ ಅಣ್ಣಾಸಾಬ ಇವತ್ತಿಗೂ ಒಮ್ಮೆ ಹಾರ್ನ್ ಬಾರಿಸುತ್ತಾನೆ.

ನಾವೂ ಈಗ ಅದೇ ಓಣಿಯ ಹಿಂದೆ ಮನೆ ಮಾಡಿದ್ದೇವೆ. ಹೋದ ವಾರ ಆ ಹಳೆಯ ಲ್ಯಾಪ್‌ಟಾಪ್ ಮತ್ತೆ ತಡವರಿಸಿತು. ಫ್ಯಾನು ಒಂದೇ ಸಮನೆ ಹೊಯ್ದುಕೊಳ್ಳುತ್ತಿತ್ತು. ಕಿಂಡಿಗೆ ಮೂಗು ಹಿಡಿದೆ, ಯಾವ ವಾಸನೆಯೂ ಇರಲಿಲ್ಲ. ಅನುಮಾನ ಬಂದು, ಅವರು ಮಾಡಿದ ಹಾಗೆ ಬೆನ್ನು ಬಿಚ್ಚಿ ಫ್ಯಾನನ್ನು ಕಿತ್ತೆ. ಹಿಂದೆ ಅದೇ ಕಂದು ಪದರ. ಒಂದು ಚಿಟಿಕೆ ಅಂಗೈಯಲ್ಲಿ ಹಾಕಿಕೊಂಡು, ಕಣ್ಣು ಮುಚ್ಚಿ, ಚಾಚಾರ ಹಾಗೆ ದೀರ್ಘವಾಗಿ ಉಸಿರೆಳೆದೆ. ಇನ್ನೊಮ್ಮೆ ಎಳೆದೆ. ಹೋಗಿ ಘಾಟಿನ ಆ ರಟ್ಟನ್ನು ಹುಡುಕಿ ತಂದು, ಹಿಂಬದಿಗೆ ತಿರುಗಿಸಿ, ಬೇಡವಾದದ್ದನ್ನೂ ಬರೆಯಬೇಕು ಎಂದಿದ್ದರಲ್ಲ ಎಂದು ಒಂದು ಸಾಲು ಬರೆದೆ: "ಅಕ್ಕೋರಿಗೆ ಸೀನು ಬರಲಿಲ್ಲ."